ಪಿಎಲ್‌ಸಿಸಿ-32 ಸರ್ಫೇಸ್ ಮೌಂಟ್ ಸಾಕೆಟ್: ಐರನ್ ತುದಿ ಪ್ಯಾಡ್ ಮುಟ್ಟುವುದು ಹೇಗೆ?

ತಾಮ್ರಗೆರೆ (ಪ್ರಶ್ನೆ):

ಎಲ್ಲರಿಗೂ ನಮಸ್ಕಾರ. ಹಳೆಯ ಮದರ್‌ಬೋರ್ಡ್ ಒಂದರಲ್ಲಿ ನೇರವಾಗಿ ಬೆಸೆದಿದ್ದ 32 ಪಿನ್‌ಗಳ ಪಿಎಲ್‌ಸಿಸಿ (ನಾಲ್ಕೂ ಬದಿಗಳಲ್ಲಿ ಕಾಲುಗಳಿರುವ ಪ್ಲಾಸ್ಟಿಕ್ ಕವಚದ) ಫ್ಲಾಷ್ ಮೆಮೊರಿ ಚಿಪ್ಪನ್ನು ತೆಗೆದಿದ್ದೇನೆ. ಅದನ್ನು ಆಗಾಗ ಹೊರತೆಗೆದು ಪ್ರೋಗ್ರಾಂ ಮಾಡಬೇಕಾಗಿರುವುದರಿಂದ ಆ ಜಾಗದಲ್ಲಿ ಸಾಕೆಟ್ ಕೂರಿಸುವ ಉದ್ದೇಶವಿದೆ. ತೂತುಗಳಿಗೆ ಇಳಿಯುವ ಮಾಮೂಲಿ ಸಾಕೆಟ್ಟಿನ ಕಾಲುಗಳು 2.54 ಮಿ.ಮೀ. ಅಂತರದ ಎರಡೆರಡು ಸಾಲುಗಳಲ್ಲಿ ಇರುವುದರಿಂದ ಬೋರ್ಡಿನ ಮೇಲಿನ ಈ ಪ್ಯಾಡ್‌ಗಳಿಗೆ (ಕಾಲುಗಳನ್ನು ಬೆಸೆಯುವ ಲೋಹದ ಜಾಗಗಳಿಗೆ) ಹೊಂದುವುದಿಲ್ಲ. ಆದ್ದರಿಂದ ತೂತಿಲ್ಲದೆ ಬೋರ್ಡಿನ ಮೇಲ್ಮೈಗೇ ಬೆಸೆಯುವ ಸರ್ಫೇಸ್ ಮೌಂಟ್ ಸಾಕೆಟ್ಟನ್ನೇ ತರಿಸಿಕೊಂಡೆ. ಪ್ಯಾಡ್‌ಗಳ ಮೇಲೆ ಇಟ್ಟು ನೋಡಿದರೆ ಎಲ್ಲ ಕಾಲುಗಳೂ ಸರಿಯಾಗಿ ಕೂರುತ್ತವೆ, ಆದರೆ ಅವು ಸಾಕೆಟ್ಟಿನ ಗೋಡೆಯ ಅಡಿಗೆ ಮಡಚಿಕೊಂಡಿವೆ. ಹೊರಗಿನಿಂದ ಸೋಲ್ಡರಿಂಗ್ ಐರನ್ ತುದಿ ತಾಗಿಸಲು ಹೋದರೆ ಪ್ಲಾಸ್ಟಿಕ್ ಅಡ್ಡ ಬರುತ್ತದೆ, ಒಳಗಿನಿಂದ ಹೋಗೋಣವೆಂದರೆ ಸಾಕೆಟ್ಟಿನ ತಳವೇ ಪ್ಯಾಡ್‌ಗಳನ್ನು ಮುಚ್ಚಿಕೊಂಡಿದೆ. ಬಿಸಿಗಾಳಿಯಿಂದ ಬೆಸೆಯುವ ಹಾಟ್ ಏರ್ ಬಳಸಿದರೆ ಈ ಪ್ಲಾಸ್ಟಿಕ್ ತಾಳುತ್ತದೆಯೇ ಎಂಬ ಅನುಮಾನವೂ ಇದೆ. ಕೈಯಿಂದ ಇಂತಹ ಸಾಕೆಟ್ ಬೆಸೆದು ಅನುಭವವಿರುವವರು ದಯವಿಟ್ಟು ವಿಧಾನ ತಿಳಿಸಿ.

ಸೀಸ63:

ಇದು ಕೈಚಳಕದ ಪ್ರಶ್ನೆಗಿಂತ ಹೆಚ್ಚಾಗಿ ದಾರಿ ಮಾಡಿಕೊಳ್ಳುವ ಪ್ರಶ್ನೆ. ಕಾಲುಗಳ ನಡುವಿನ ಅಂತರ 1.27 ಮಿ.ಮೀ. ಇರುವುದರಿಂದ ಬೆಸುಗೆ ತಾನಾಗಿ ಕಷ್ಟದ್ದಲ್ಲ, ತುದಿ ಅಲ್ಲಿಗೆ ತಲುಪಬೇಕು ಅಷ್ಟೆ. ನೀವು ಅಡ್ಡಿ ಎಂದು ಹೇಳುತ್ತಿರುವ ಆ ತಳವನ್ನು ಬೆಸೆಯುವ ಮೊದಲೇ ಕತ್ತರಿಸಿ ತೆಗೆದುಬಿಡಿ. ಬಹುತೇಕ ಸಾಕೆಟ್‌ಗಳಲ್ಲಿ ತಳವು ತೆಳುವಾದ ಕೆಲವು ಸೇತುವೆಗಳಿಂದ ಮಾತ್ರ ಚೌಕಟ್ಟಿಗೆ ಅಂಟಿಕೊಂಡಿರುತ್ತದೆ. ಹರಿತವಾದ ಬ್ಲೇಡಿನಿಂದ ಒಂದೊಂದನ್ನೇ ಸ್ವಲ್ಪಸ್ವಲ್ಪವಾಗಿ ಕೊಯ್ದರೆ ಚೌಕಟ್ಟಿಗೆ ಪೆಟ್ಟಾಗದೆ ಬಿಟ್ಟುಕೊಳ್ಳುತ್ತದೆ. ಒಂದನೆಯ ಪಿನ್ ತೋರಿಸುವ ಬಾಣದ ಗುರುತು ಎಷ್ಟೋ ಸಾಕೆಟ್‌ಗಳಲ್ಲಿ ಈ ತಳದ ಮೇಲೆಯೇ ಇರುತ್ತದೆ, ಆದ್ದರಿಂದ ಕತ್ತರಿಸುವ ಮುನ್ನ ಗೋಡೆಯ ಮೇಲೊಂದು ಗುರುತು ಹಾಕಿಕೊಳ್ಳಿ. ಪಿಎಲ್‌ಸಿಸಿಯಲ್ಲಿ ಒಂದನೆಯ ಪಿನ್ ಮೂಲೆಯಲ್ಲಿರುವುದಿಲ್ಲ. 32 ಪಿನ್‌ಗಳದ್ದರಲ್ಲಿ ಅದು ಏಳು ಪಿನ್‌ಗಳ ಗಿಡ್ಡ ಬದಿಯ ನಟ್ಟನಡುವೆ ಇರುತ್ತದೆ.

ಪ್ಯಾಡ್‌ಗಳ ಮೇಲೆ ಉಳಿದಿರುವ ಹಳೆಯ ಸೋಲ್ಡರನ್ನು ಫ್ಲಕ್ಸ್ (ಸೋಲ್ಡರ್ ಚೆನ್ನಾಗಿ ಹರಿದು ಹಿಡಿಯಲು ಹಚ್ಚುವ ವಸ್ತು) ಹಚ್ಚಿ ವಿಕ್‌ನಿಂದ (ಸೋಲ್ಡರ್ ಹೀರುವ ತಾಮ್ರದ ಹೆಣಿಗೆಯಿಂದ) ಪೂರ್ತಿ ಎಳೆದು ಸಮತಟ್ಟು ಮಾಡಿ. ಒಂದೆರಡು ಪ್ಯಾಡ್‌ಗಳಲ್ಲಿ ಉಬ್ಬು ಉಳಿದರೂ ಸಾಕೆಟ್ ಕುಂಟುತ್ತದೆ ಮತ್ತು ಎದುರು ಬದಿಯ ಕಾಲುಗಳು ಮೇಲೆದ್ದು ನಿಲ್ಲುತ್ತವೆ. ಚಿಪ್ ತೆಗೆಯಲು ಬಿಸ್ಮತ್ ಬೆರೆತ ಕಡಿಮೆ ಬಿಸಿಯ ಸೋಲ್ಡರ್ ಬಳಸಿದ್ದರೆ ಅದರ ಅಂಶವೂ ಉಳಿಯಕೂಡದು, ಏಕೆಂದರೆ ತವರ, ಸೀಸ, ಬಿಸ್ಮತ್ ಮೂರೂ ಸೇರಿದಲ್ಲಿ ಸುಮಾರು 96 ಡಿಗ್ರಿ ಸೆಲ್ಸಿಯಸ್‌ನಲ್ಲೇ ಕರಗುವ ಮಿಶ್ರಣ ಉಂಟಾಗಬಹುದು.

ಅನಂತರ ಜೆಲ್ ಫ್ಲಕ್ಸನ್ನು ಪ್ಯಾಡ್‌ಗಳಿಗೆ ತೆಳುವಾಗಿ ಹಚ್ಚಿ, ಸಾಕೆಟ್ಟನ್ನು ಇಟ್ಟು, ಎದುರುಬದುರು ಮೂಲೆಗಳ ಒಂದೊಂದು ಕಾಲನ್ನು ಮಾತ್ರ ಬೆಸೆಯಿರಿ. ಈಗ ಬೋರ್ಡನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ನಾಲ್ಕೂ ಬದಿಗಳಿಂದ ನೋಡಿ. ಎಲ್ಲಾದರೂ ಬೆಳಕು ಕಂಡರೆ ಆ ಮೂಲೆಯ ಬೆಸುಗೆಯನ್ನು ಮತ್ತೆ ಕರಗಿಸಿ ಸರಿಪಡಿಸಲು ಇದೇ ಸಮಯ. 63/37 (ತವರ/ಸೀಸ) ಸೋಲ್ಡರ್ 183 ಡಿಗ್ರಿಯಲ್ಲಿ ಕರಗುವುದರಿಂದ ಐರನ್ 320ರಿಂದ 340 ಡಿಗ್ರಿಯಲ್ಲಿದ್ದರೆ ಸಾಕು. 0.5 ಮಿ.ಮೀ. ತಂತಿ, ಸಣ್ಣ ಚಿಸೆಲ್ ಟಿಪ್, ಒಂದು ಕಾಲಿಗೆ ಎರಡು ಮೂರು ಸೆಕೆಂಡು. ಚಿಪ್ಪಿನ ಮೈಯೇ ಸುಮಾರು 11.4 × 14 ಮಿ.ಮೀ. ಇರುವುದರಿಂದ ಒಳಗಿನ ಜಾಗ ಬಹಳ ಕಿರಿದು. ಯಾವಾಗಲೂ ನಿಮ್ಮಿಂದ ದೂರದ ಗೋಡೆಯ ಕಾಲುಗಳನ್ನೇ ಬೆಸೆಯುತ್ತಾ, ಒಂದು ಬದಿ ಮುಗಿದ ಕೂಡಲೇ ಬೋರ್ಡನ್ನು ತಿರುಗಿಸಿಕೊಳ್ಳಿ. ಇಲ್ಲದಿದ್ದರೆ ಟಿಪ್ಪಿನ ಮೇಲ್ಭಾಗ ಹತ್ತಿರದ ಗೋಡೆಗೆ ಒರಗಿ ಪ್ಲಾಸ್ಟಿಕ್ಕನ್ನು ಸುಡುತ್ತದೆ.

ಬಿಸಿಗಾಳಿ:

ಮೇಲಿನ ವಿಧಾನ ಸರಿಯಾಗಿದೆ, ಆದರೆ ತಳ ಕತ್ತರಿಸುವುದಕ್ಕೆ ನನ್ನದೊಂದು ತಕರಾರಿದೆ. ಕೆಲವು ಸಾಕೆಟ್‌ಗಳಲ್ಲಿ ಚಿಪ್ ಎಷ್ಟು ಆಳಕ್ಕೆ ಇಳಿಯಬೇಕು ಎಂಬುದನ್ನು ತಳವೇ ತಡೆದು ನಿರ್ಧರಿಸುತ್ತದೆ. ಅದನ್ನು ತೆಗೆದ ಮೇಲೆ ಹೆಬ್ಬೆರಳಿನಿಂದ ಜೋರಾಗಿ ಒತ್ತಿದರೆ ಚಿಪ್ ಬೇಕಾದದ್ದಕ್ಕಿಂತ ಕೆಳಗಿಳಿಯುವ ಸಾಧ್ಯತೆಯಿದೆ. ಆಗಾಗ ಚಿಪ್ ತೆಗೆದು ಹಾಕುವವರಿಗೆ ಇದು ಸಣ್ಣ ವಿಷಯವಲ್ಲ.

ಹಾಟ್ ಏರ್ ಬಗ್ಗೆ ಕೇಳಿದ್ದೀರಿ. ಉತ್ತರವು ಸಾಕೆಟ್ಟಿನ ಪ್ಲಾಸ್ಟಿಕ್ ಯಾವುದು ಎಂಬುದನ್ನು ಅವಲಂಬಿಸಿದೆ. ಪಿಬಿಟಿ ಸುಮಾರು 223 ಡಿಗ್ರಿಯಲ್ಲಿ ಕರಗುತ್ತದೆ, ಪಿಪಿಎಸ್ 280 ಡಿಗ್ರಿಯ ಆಸುಪಾಸಿನವರೆಗೂ ತಡೆಯುತ್ತದೆ. ಡೇಟಾಶೀಟ್‌ನಲ್ಲಿ ಪ್ಲಾಸ್ಟಿಕ್ಕಿನ ಹೆಸರನ್ನೂ ರಿಫ್ಲೋ (ಪೇಸ್ಟ್ ಕರಗಿಸಿ ಬೆಸೆಯುವಾಗಿನ) ತಾಪಮಾನವನ್ನೂ ನೋಡಿದ ಮೇಲೆಯೇ ಗಾಳಿ ಹಿಡಿಯಿರಿ. ಸೀಸರಹಿತ ಸೋಲ್ಡರ್ ಪೇಸ್ಟ್ ಕರಗಲು 217 ಡಿಗ್ರಿಯಾದರೂ ಬೇಕಾಗುವುದರಿಂದ ಪಿಬಿಟಿ ಸಾಕೆಟ್‌ಗೆ ಅದು ಆಗದ ಮಾತು. ಸೀಸವಿರುವ ಪೇಸ್ಟ್ ಹಚ್ಚಿ, ಬೋರ್ಡನ್ನು ಕೆಳಗಿನಿಂದ 100 ಡಿಗ್ರಿಯ ಸುಮಾರಿಗೆ ಬಿಸಿ ಮಾಡಿಕೊಂಡು, ಮೇಲಿನಿಂದ ಗಾಳಿಯನ್ನು ನಿಧಾನವಾಗಿ ಸುತ್ತಿಸಿದರೆ ಕೆಲಸವಾಗುತ್ತದೆ. ತಾಳ್ಮೆಗೆಟ್ಟು ಒಂದೇ ಕಡೆ ನಿಲ್ಲಿಸಿದಿರೋ, ಗೋಡೆ ಒಳಕ್ಕೆ ಬಾಗಿ ಚಿಪ್ ಮತ್ತೆ ಕೂರುವುದೇ ಇಲ್ಲ. ಪ್ರೀಹೀಟರ್ ಇಲ್ಲದಿದ್ದರೆ ಈ ದಾರಿ ಬೇಡ.

ಸೀಸ63:

ಆಳದ ವಿಷಯವನ್ನು ಒಪ್ಪುತ್ತೇನೆ. ಅದಕ್ಕೊಂದು ಪರಿಹಾರವಿದೆ: ಕತ್ತರಿಸಿದ ತಳವನ್ನು ಎಸೆಯದೆ ಅಂಚುಗಳನ್ನು ಸ್ವಲ್ಪ ಉಜ್ಜಿ ಇಟ್ಟುಕೊಂಡು, ಬೆಸುಗೆ ಮತ್ತು ಪರೀಕ್ಷೆ ಎರಡೂ ಮುಗಿದ ಮೇಲೆ ಅದೇ ಮಟ್ಟದಲ್ಲಿ ಒಳಗೆ ಕೂರಿಸಬಹುದು. ಅಂಟು ಹಾಕಲೇಬೇಕೆಂದರೆ ನಡುಭಾಗಕ್ಕೆ ಒಂದು ಹನಿ ಸಾಕು, ಅದು ಸಂಪರ್ಕದ ಸ್ಪ್ರಿಂಗ್‌ಗಳ ಹತ್ತಿರ ಹರಿಯಬಾರದು.

ತಾಮ್ರಗೆರೆ:

ಇಬ್ಬರಿಗೂ ಧನ್ಯವಾದಗಳು. ತಳ ತೆಗೆದು ಐರನ್‌ನಿಂದಲೇ ಬೆಸೆದೆ. ಭೂತಗನ್ನಡಿಯಲ್ಲಿ ನೋಡಿದರೆ ಬ್ರಿಜ್ (ಪಕ್ಕದ ಕಾಲುಗಳನ್ನು ಕೂಡಿಸಿಬಿಡುವ ಸೋಲ್ಡರ್) ಎಲ್ಲೂ ಕಾಣುತ್ತಿಲ್ಲ. ಮಲ್ಟಿಮೀಟರ್ ಇಟ್ಟಾಗ 32 ಕಾಲುಗಳೂ ಬೀಪ್ ಅನ್ನುತ್ತವೆ. ಆದರೂ ಚಿಪ್ ಹಾಕಿ ವಿದ್ಯುತ್ ಕೊಟ್ಟರೆ ಬೋರ್ಡ್ ಒಮ್ಮೆ ಏಳುತ್ತದೆ, ಇನ್ನೊಮ್ಮೆ ಏಳುವುದಿಲ್ಲ. ಚಿಪ್ಪನ್ನು ಬೆರಳಿನಿಂದ ಒತ್ತಿ ಹಿಡಿದರೆ ಪ್ರತಿ ಸಲವೂ ಸರಿಯಾಗಿ ನಡೆಯುತ್ತದೆ.

ಒಂಟಿಪ್ರೋಬು:

ನೀವು ಪ್ರೋಬನ್ನು ಎಲ್ಲಿ ಇಟ್ಟಿರಿ ಎಂಬುದು ಇಲ್ಲಿ ಮುಖ್ಯ. ಕಾಲಿನ ಮೇಲೆ ಪ್ರೋಬ್ ಊರಿದಾಗ ಆ ಒತ್ತಡಕ್ಕೆ ಕಾಲು ಪ್ಯಾಡಿಗೆ ತಾಗಿ, ಬೆಸುಗೆ ಹಿಡಿಯದಿದ್ದರೂ ಮೀಟರ್ ಬೀಪ್ ಅನ್ನುತ್ತದೆ. ಆದ್ದರಿಂದ ಒಂದು ಪ್ರೋಬನ್ನು ಪ್ಯಾಡಿನಿಂದ ಹೊರಟ ತಾಮ್ರದ ಗೆರೆಯ ಮುಂದಿನ ವಯಾ (ಬೋರ್ಡಿನ ಪದರಗಳನ್ನು ಜೋಡಿಸುವ ಲೋಹದ ತೂತು) ಅಥವಾ ರೆಸಿಸ್ಟರ್ ಮೇಲೆ ಇಡಿ. ಇನ್ನೊಂದಕ್ಕೆ ತೆಳುವಾದ ತಂತಿ ಸುತ್ತಿ, ಅದರ ತುದಿಯಿಂದ ಸಾಕೆಟ್ಟಿನ ಒಳಗಿನ ಸ್ಪ್ರಿಂಗಿನ ಮೇಲ್ಭಾಗವನ್ನು ಸೋಕಿಯೂ ಸೋಕದಂತೆ ಮುಟ್ಟಿ. ದಪ್ಪ ಪ್ರೋಬನ್ನು ಒಳಗೆ ತುರುಕಿದರೆ ಸ್ಪ್ರಿಂಗ್ ಸಡಿಲಗೊಂಡು ಹೊಸ ತೊಂದರೆ ಶುರುವಾಗುತ್ತದೆ.

ಮೊದಲು 16 ಮತ್ತು 32ನೆಯ ಪಿನ್‌ಗಳನ್ನು ನೋಡಿ. 29ಎಫ್ ಅಥವಾ 39ಎಸ್‌ಎಫ್ ಜಾತಿಯ ಫ್ಲಾಷ್ ಆಗಿದ್ದರೆ 16 ಗ್ರೌಂಡ್, 32 ವಿದ್ಯುತ್ ಪೂರೈಕೆ. ಇವೆರಡೂ ಸಾಮಾನ್ಯವಾಗಿ ಅಗಲವಾದ ತಾಮ್ರಕ್ಕೆ ಸೇರಿರುತ್ತವೆ, ಆ ತಾಮ್ರವು ಬಿಸಿಯನ್ನು ಎಳೆದುಕೊಳ್ಳುತ್ತದೆ; ಹಾಗಾಗಿ ಬೇರೆ ಕಾಲುಗಳಿಗೆ ಸಾಕಾದ ಎರಡು ಸೆಕೆಂಡಿನಲ್ಲಿ ಇಲ್ಲಿ ಸೋಲ್ಡರ್ ಕಾಲಿನ ಮೇಲೆ ಮಾತ್ರ ಹರಡಿ ಪ್ಯಾಡಿಗೆ ಇಳಿದಿರುವುದಿಲ್ಲ. ಓರೆಯಾಗಿ ಟಾರ್ಚ್ ಹಿಡಿದರೆ ಒಳ್ಳೆಯ ಬೆಸುಗೆ ಕಾಲಿನಿಂದ ಪ್ಯಾಡಿನ ಕಡೆಗೆ ಒಳಬಾಗಿದ ಇಳಿಜಾರಿನಂತೆ ಕಾಣುತ್ತದೆ, ಡ್ರೈ ಸೋಲ್ಡರ್ (ಸರಿಯಾಗಿ ಹಿಡಿಯದ ಬೆಸುಗೆ) ಆದದ್ದು ಗುಂಡಗೆ ಉಬ್ಬಿ ಅಂಚಿನಲ್ಲಿ ಕಪ್ಪು ಗೆರೆ ತೋರಿಸುತ್ತದೆ. ಅಂಥದ್ದು ಕಂಡರೆ ಹೊಸದಾಗಿ ಫ್ಲಕ್ಸ್ ಹಚ್ಚಿ, ಐರನ್ನನ್ನು 370 ಡಿಗ್ರಿಗೆ ಏರಿಸಿ, ಸ್ವಲ್ಪ ಅಗಲವಾದ ಟಿಪ್ಪಿನಿಂದ ಕಾಲು ಮತ್ತು ಪ್ಯಾಡ್ ಎರಡನ್ನೂ ಒಟ್ಟಿಗೆ ಕಾಯಿಸಿ.

ತಾಮ್ರಗೆರೆ:

ಹೇಳಿದಂತೆ ಅಳೆದು ನೋಡಿದೆ. 16ನೆಯ ಪಿನ್ ಬೀಪ್ ಅನ್ನಲಿಲ್ಲ! ಮತ್ತೆ ಕಾಯಿಸಿದ ಮೇಲೆ ಸೋಲ್ಡರ್ ಪ್ಯಾಡಿಗೆ ಇಳಿದದ್ದು ಕಣ್ಣಿಗೇ ಕಂಡಿತು, ಬೋರ್ಡ್ ಈಗ ಪ್ರತಿ ಸಲವೂ ಏಳುತ್ತಿದೆ. ಒಳಗೆ ಉಳಿದ ಫ್ಲಕ್ಸನ್ನು ಹಾಗೇ ಬಿಡಬಹುದೇ?

ಒಂಟಿಪ್ರೋಬು:

ಫ್ಲಕ್ಸ್ ಮೇಲೆ ನೋ-ಕ್ಲೀನ್ (ತೊಳೆಯಬೇಕಿಲ್ಲ) ಎಂದು ಬರೆದಿದ್ದರೂ ಸಾಕೆಟ್ಟಿನಲ್ಲಿ ಬಿಡಬೇಡಿ. ಬಿಸಿಗೆ ತೆಳುವಾದ ಫ್ಲಕ್ಸ್ ಸ್ಪ್ರಿಂಗ್ ಹಿಡಿದು ಮೇಲೇರಿ, ಚಿಪ್ಪಿನ ಕಾಲು ತಾಗುವ ಜಾಗದಲ್ಲಿಯೇ ಪದರವಾಗಿ ಒಣಗುತ್ತದೆ. ಚಿಪ್ ತೆಗೆದು, ವಿದ್ಯುತ್ ಬಿಡಿಸಿ, ಬೋರ್ಡನ್ನು ಓರೆಯಾಗಿ ಹಿಡಿದುಕೊಂಡು ಐಸೊಪ್ರೊಪೈಲ್ ಆಲ್ಕೊಹಾಲನ್ನು ಮೃದುವಾದ ಬ್ರಷ್‌ನಿಂದ ಮೇಲಿನಿಂದ ಕೆಳಕ್ಕೆ ಹರಿಸಿ, ಕೊಳೆಯಾದ ದ್ರವವನ್ನು ಕೆಳಗಿನ ಮೂಲೆಯಲ್ಲಿ ಬಟ್ಟೆಗೆ ಹೀರಿಸಿ. ಒಂದು ಸಲ ತೊಳೆದರೆ ಫ್ಲಕ್ಸ್ ಕರಗಿ ಎಲ್ಲ ಕಡೆ ಹರಡುತ್ತದೆಯೇ ಹೊರತು ಹೋಗುವುದಿಲ್ಲ. ಹೊಸ ಆಲ್ಕೊಹಾಲಿನಿಂದ ಮತ್ತೊಮ್ಮೆ ತೊಳೆದು, ಚೆನ್ನಾಗಿ ಒಣಗಿದ ಮೇಲೆಯೇ ತಳವನ್ನು ಕೂರಿಸಿ.