ಪವರ್‌ಮ್ಯಾಕ್ಸ್ 45 ಪ್ಲಾಸ್ಮಾ ಕಟರ್‌ಗೆ ಟಿಎಚ್‌ಸಿ (ಆರ್ಕ್ ವೋಲ್ಟೇಜ್ ನೋಡಿ ಟಾರ್ಚ್ ಎತ್ತರ ಕಾಯುವ ಕಂಟ್ರೋಲರ್) ವೈರಿಂಗ್: ಆರ್ಕ್ ಹತ್ತಿದ ಕೂಡಲೇ ಟಾರ್ಚ್ ಪ್ಲೇಟಿಗೆ ಗುದ್ದುತ್ತೆ

ಶೀಟ್‌ಮೆಟಲ್_ಹುಬ್ಬಳ್ಳಿ:
ಮೆಷಿನ್ ಹೈಪರ್‌ಥರ್ಮ್ ಪವರ್‌ಮ್ಯಾಕ್ಸ್ 45 ಎಕ್ಸ್‌ಪಿ, ಸೆಕೆಂಡ್ ಹ್ಯಾಂಡ್. ಹಿಂದೆ 14 ಪಿನ್ನಿನ ಸಿಪಿಸಿ ಪೋರ್ಟ್ (ಹೊರಗಿನ ಕಂಟ್ರೋಲ್ ವೈರ್ ಕೊಡುವ ಸಾಕೆಟ್) ಇದೆ. ಪಿನ್ 3-4 ಸ್ಟಾರ್ಟ್ ರಿಲೇಗೆ, 5-6 ಟಿಎಚ್‌ಸಿಯ ವೋಲ್ಟೇಜ್ ಇನ್‌ಪುಟ್‌ಗೆ ಕೊಟ್ಟಿದ್ದೇನೆ. 6 ಎಂಎಂ ಎಂಎಸ್ (ಮೈಲ್ಡ್ ಸ್ಟೀಲ್) ಪ್ಲೇಟಿಗೆ 125 ವೋಲ್ಟ್ ಸೆಟ್ ಮಾಡಿದರೆ ಡಿಸ್‌ಪ್ಲೇಯಲ್ಲಿ 310ರ ಆಸುಪಾಸು ಬರುತ್ತೆ, ಟಾರ್ಚ್ ಸೀದಾ ಇಳಿದು ಪ್ಲೇಟಿಗೆ ತಾಗುತ್ತೆ. ಟಿಎಚ್‌ಸಿ ಆಫ್ ಮಾಡಿದರೆ ಕಟ್ಟಿಂಗ್ ಚೆನ್ನಾಗೇ ಇದೆ. ಬೋರ್ಡ್ ಹೋಯ್ತಾ?

ಸರ್ಕ್ಯೂಟ್_ಶಾನುಭೋಗ:
ಬೋರ್ಡಿಗೆ ಏನೂ ಆಗಿಲ್ಲ ಸರ್, ಡಿವೈಡರ್ (ಆರ್ಕ್ ವೋಲ್ಟೇಜನ್ನು 20ರಲ್ಲೋ 50ರಲ್ಲೋ ಒಂದು ಪಾಲಿಗೆ ಇಳಿಸಿ ಕಳಿಸುವ ಸರ್ಕ್ಯೂಟ್) ಲೆಕ್ಕ ತಾಳೆಯಾಗ್ತಿಲ್ಲ. 310ನ್ನು 125ರಿಂದ ಭಾಗಿಸಿದರೆ ಎರಡೂವರೆ ಹತ್ತಿರ. 50ನ್ನು 20ರಿಂದ ಭಾಗಿಸಿದರೂ ಅಷ್ಟೇ. ಮೆಷಿನ್ 20:1ರಲ್ಲಿ ವೋಲ್ಟೇಜ್ ಕಳಿಸ್ತಿದೆ, ಟಿಎಚ್‌ಸಿ ಅದನ್ನು 50ರಿಂದ ಗುಣಿಸ್ತಿದೆ. ಕಂಪನಿಯಿಂದ 50:1 ಆಗಿಯೇ ಬರುತ್ತೆ, ಹಿಂದಿನವರು ಬದಲಿಸಿರಬೇಕು. ವೋಲ್ಟೇಜ್ ಜಾಸ್ತಿ ಕಂಡರೆ ಟಾರ್ಚ್ ಎತ್ತರದಲ್ಲಿದೆ ಅಂದುಕೊಂಡು ಟಿಎಚ್‌ಸಿ ಇಳಿಸುತ್ತಲೇ ಹೋಗುತ್ತೆ. ತಪ್ಪು ಉಲ್ಟಾ ಆಗಿದ್ದರೆ ಟಾರ್ಚ್ ಮೇಲೇರಿ ಆರ್ಕ್ ಆರಿಹೋಗ್ತಿತ್ತು.

ಖಾತ್ರಿ ಮಾಡ್ಕೊಳ್ಳಿ: ಟಿಎಚ್‌ಸಿ ಆಫ್ ಇಟ್ಟು ನೇರ ಗೆರೆ ಕತ್ತರಿಸುವಾಗ ಪಿನ್ 6 (ಪ್ಲಸ್), 5 (ಮೈನಸ್) ನಡುವೆ ಡಿಸಿ ವೋಲ್ಟೇಜ್ ನೋಡಿ. ಆರ್ಕ್ 125 ಇದ್ದರೆ 50:1ಕ್ಕೆ 2.5, 20:1ಕ್ಕೆ 6.25 ಬರಬೇಕು. 6ರ ಮೇಲೆ ಬಂದರೆ ಟಿಎಚ್‌ಸಿಯಲ್ಲಿ 20 ಹಾಕಿ, ಮುಗೀತು. ಮೆಷಿನ್ನೊಳಗೆ ಈ ಅನುಪಾತ ಆರಿಸುವ ಪುಟ್ಟ ಡಿಪ್ ಸ್ವಿಚ್ಚನ್ನೇ ಬದಲಿಸೋದಾದರೆ ಪ್ಲಗ್ ಕಿತ್ತು 5 ನಿಮಿಷ ಬಿಟ್ಟೇ ಕವರ್ ತೆಗೀರಿ, ಕೆಪಾಸಿಟರಲ್ಲಿ ಚಾರ್ಜ್ ನಿಂತಿರುತ್ತೆ.

ಪಿನ್ 12-14ರ ಸುದ್ದಿಯೇ ಇಲ್ಲವಲ್ಲ? ಆರ್ಕ್ ಪ್ಲೇಟಿಗೆ ಹಾರಿದಾಗ ಮುಚ್ಚುವ ಡ್ರೈ ಕಾಂಟ್ಯಾಕ್ಟ್ (ತನ್ನದೇ ವೋಲ್ಟೇಜ್ ಇಲ್ಲದ ಬರೀ ಸ್ವಿಚ್) ಅದು. ಅದನ್ನು ಟಿಎಚ್‌ಸಿಯ ಆರ್ಕ್ ಓಕೆ (ಆರ್ಕ್ ಪ್ಲೇಟಿಗೆ ಹಾರಿದೆ ಅನ್ನುವ ಸಿಗ್ನಲ್) ಇನ್‌ಪುಟ್‌ಗೆ ಕೊಡದಿದ್ದರೆ ಪೈಲಟ್ ಆರ್ಕ್ (ಪ್ಲೇಟಿಗೆ ಹಾರುವ ಮೊದಲು ಟಾರ್ಚಿನಲ್ಲೇ ಹತ್ತುವ ಚಿಕ್ಕ ಆರ್ಕ್) ವೋಲ್ಟೇಜಿಗೇ ಟಿಎಚ್‌ಸಿ ಕುಣಿಯುತ್ತೆ.

ಶೀಟ್‌ಮೆಟಲ್_ಹುಬ್ಬಳ್ಳಿ:
6.2 ಬಂತು! 20 ಹಾಕಿದೆ, 12-14 ಕೂಡ ಕೊಟ್ಟೆ. ನೇರ ಗೆರೆಯಲ್ಲಿ ಈಗ ಎತ್ತರ ಅಲ್ಲಾಡಲ್ಲ. ಮೂಲೆ ತಿರುಗುವಾಗ ಮಾತ್ರ ಇನ್ನೂ ಇಳಿಯುತ್ತೆ.

ಟಾರ್ಚ್_ಟಿಪ್ಪು:
ಅದು ವೈರಿಂಗ್ ಅಲ್ಲ. ಮೂಲೆಯಲ್ಲಿ ಟೇಬಲ್ ನಿಧಾನವಾದಾಗ ಕಟ್ ಅಗಲವಾಗುತ್ತೆ, ಆರ್ಕ್ ಅಂಚಿಗೆ ಎಳೆಯುತ್ತೆ, ವೋಲ್ಟೇಜ್ ಏರುತ್ತೆ. ವೇಗ ಸೆಟ್ ಮಾಡಿದ್ದರ ಶೇ. 90ಕ್ಕಿಂತ ಇಳಿದರೆ ಎತ್ತರ ಹಿಡಿದಿಡುವ ಸೆಟ್ಟಿಂಗ್ ಇರುತ್ತೆ (ಆ್ಯಂಟಿ ಡೈವ್, ಕಾರ್ನರ್ ಲಾಕ್ ಅಂತೆಲ್ಲ ಹೆಸರು), ಅದನ್ನು ಆನ್ ಮಾಡಿ. ಮೊದಲೇ ಕತ್ತರಿಸಿದ ಗೆರೆ ದಾಟುವಾಗಲೂ ಇದೇ ಕಾಟ, ಲೀಡ್ ಔಟ್ (ಕಟ್ ಮುಗಿಸಿ ಹೊರಬರುವ ಗೆರೆ) ಬರುವಷ್ಟರಲ್ಲಿ ಟಿಎಚ್‌ಸಿ ಆಫ್ ಆಗುವಂತೆ ಕೋಡಲ್ಲಿ ಹಾಕಿ.

ಸಿಗ್ನಲ್‌ಗೆ ತಿರುಚಿದ ಜೋಡಿಯ ಶೀಲ್ಡೆಡ್ ಕೇಬಲ್ ಇರಲಿ, ಶೀಲ್ಡನ್ನು ಒಂದು ತುದಿಯಲ್ಲಿ ಮಾತ್ರ ಅರ್ತ್ ಮಾಡಿ. ಟಾರ್ಚ್ ಲೀಡ್ ಜೊತೆ ಒಂದೇ ಕಟ್ಟಿನಲ್ಲಿ ಬಿಗೀಬೇಡಿ. ಎಲೆಕ್ಟ್ರೋಡ್ ಸವೆದಂತೆ ಅದೇ ವೋಲ್ಟಿಗೆ ಟಾರ್ಚ್ ತಗ್ಗಿಗೆ ಬರುತ್ತೆ, ಆಗಾಗ ಕಟ್ ಎತ್ತರ ಅಳೆದು ಸೆಟ್ ವೋಲ್ಟ್ ಒಂದೆರಡು ಏರಿಸ್ತಾ ಹೋಗಿ.

ಪೀಣ್ಯ_ಫ್ಯಾಬ್:
ನಡುವೆ ಒಂದು ಪ್ರಶ್ನೆ. ನನ್ನದು 60 ಆಂಪಿನ ಎಚ್‌ಎಫ್ ಸ್ಟಾರ್ಟ್ (ಹೈ ಫ್ರೀಕ್ವೆನ್ಸಿ ಕಿಡಿಯಿಂದ ಆರ್ಕ್ ಹತ್ತಿಸುವ) ಇನ್‌ವರ್ಟರ್ ಪ್ಲಾಸ್ಮಾ, ಪೋರ್ಟೇ ಇಲ್ಲ. ಔಟ್‌ಪುಟ್ ಟರ್ಮಿನಲ್‌ನಿಂದಲೇ ವೋಲ್ಟೇಜ್ ತೆಗೀಬಹುದಾ?

ಸರ್ಕ್ಯೂಟ್_ಶಾನುಭೋಗ:
ನೇರವಾಗಿ ಬೇಡ ಗುರು. ಎಚ್‌ಎಫ್ ಕಿಡಿ ಕೆಲವು ಸಾವಿರ ವೋಲ್ಟ್, ಬೋರ್ಡ್ ಮೊದಲ ಸ್ಟಾರ್ಟಿಗೇ ಸತ್ತರೂ ಸತ್ತೀತು. ಡಿವೈಡರನ್ನು ಮೆಷಿನ್ ಒಳಗೇ ಕೂರಿಸಿ: 1 ಲಕ್ಷ ಓಮ್‌ನ 5 ರೆಸಿಸ್ಟರ್ ಸರಣಿಯಲ್ಲಿ, ಕೊನೆಗೆ 10 ಸಾವಿರ ಓಮ್ ಒಂದು. ಒಟ್ಟು 51:1, ಟಿಎಚ್‌ಸಿಯಲ್ಲಿ ಅದೇ ಹಾಕಿ. ಒಂದೇ ದೊಡ್ಡ ರೆಸಿಸ್ಟರ್ ಯಾಕೆ ಬೇಡ ಅಂದರೆ, ಕಾಲು ವ್ಯಾಟ್‌ನವು ಸಾಮಾನ್ಯವಾಗಿ 250 ವೋಲ್ಟಿಗಷ್ಟೇ, ಓಪನ್ ಸರ್ಕ್ಯೂಟಲ್ಲಿ ಅದನ್ನು ದಾಟಬಹುದು. ಪ್ಲೇಟಿಗೆ ಕಚ್ಚಿಸುವ ಕ್ಲಾಂಪ್ ಕಡೆ ಪ್ಲಸ್, ಎಲೆಕ್ಟ್ರೋಡ್ ಮೈನಸ್. ಟಿಎಚ್‌ಸಿ ಇನ್‌ಪುಟ್ ಐಸೊಲೇಟೆಡ್ ಆಗಿರಲೇಬೇಕು, ಜೊತೆಗೆ ಆರ್ಕ್ ಓಕೆ ಬರೋವರೆಗೂ, ಆ 10 ಸಾವಿರ ಓಮ್‌ನ ಎರಡು ತುದಿಯಿಂದ ಟಿಎಚ್‌ಸಿಗೆ ಹೋಗುವ ಎರಡೂ ವೈರ್ ಬಿಡಿಸಿಡುವ ಒಂದು ರಿಲೇ ಇರಲಿ.

ಆರ್ಕ್ ಓಕೆಗೆ ಕ್ಲಾಂಪ್ ಕೇಬಲ್ ಮೇಲೆ ರೀಡ್ ಸ್ವಿಚ್ (ಕರೆಂಟಿನ ಕಾಂತಶಕ್ತಿಗೆ ಮುಚ್ಚುವ ಸ್ವಿಚ್) ಕಟ್ಟಿ. ಆರ್ಕ್ ಪ್ಲೇಟಿಗೆ ಹಾರಿದ ಮೇಲಷ್ಟೇ ಆ ಕೇಬಲಲ್ಲಿ ಕರೆಂಟ್ ಹರಿಯೋದು. ಕಡಿಮೆ ಆಂಪಲ್ಲಿ ಸ್ವಿಚ್ ಹಿಡೀದಿದ್ದರೆ ಕೇಬಲನ್ನು ಅದರ ಸುತ್ತ ಎರಡು ಸುತ್ತು ಹಾಕಿ.