ಹಳೇಮನೆ ಬಳಗ: ಅಜ್ಜಿಯ ಹಾಡಿನ ಫೋಲ್ಡರ್

ಭಾನುವಾರ

ತಮ್ಮ (ಶಿರಸಿ), ಬೆಳಿಗ್ಗೆ 7:42
[ಫಾರ್ವರ್ಡ್ ಆದ ವಿಡಿಯೊ: "ಡಿಲೀಟ್ ಆದ ಫೈಲ್ 5 ನಿಮಿಷದಲ್ಲಿ ವಾಪಸ್! ಈಗಲೇ ಡೌನ್‌ಲೋಡ್ ಮಾಡಿ"]
ಇದು ನಿಜವಾಗಿ ಕೆಲಸ ಮಾಡುತ್ತಾ? ಅಜ್ಜಿಯ ಹಾಡಿನ ಫೈಲ್ ತೆರೆದರೆ ಬರೀ ಗೆರೆ ಕಾಣುತ್ತದೆ, ಸದ್ದೇ ಇಲ್ಲ. ಲ್ಯಾಪ್‌ಟಾಪ್‌ನಲ್ಲಿ ಜಾಗ ಇಲ್ಲ ಅಂತ ನಿನ್ನೆ ರಾತ್ರಿ ಸ್ವಲ್ಪ ಖಾಲಿ ಮಾಡಿದ್ದೆ. ಈಗ ಈ ಸಾಫ್ಟ್‌ವೇರ್ ಇಳಿಸಿಕೊಳ್ಳುತ್ತಿದ್ದೇನೆ.

ನಾನು, 7:44
ಇಳಿಸಬೇಡ. ನಿಲ್ಲಿಸು. ಲ್ಯಾಪ್‌ಟಾಪ್ ಆಫ್ ಮಾಡು. ಮೊದಲು ಅದು, ಆಮೇಲೆ ಮಾತು.

ಅಣ್ಣ (ಪುಣೆ), 7:51
ಅಷ್ಟೊಂದು ಗಾಬರಿ ಯಾಕೆ? ವಿಡಿಯೊ ನಾನೂ ನೋಡಿದೆ. ಇಂಥ ಸಾಫ್ಟ್‌ವೇರ್‌ನಿಂದ ಒಮ್ಮೆ ನನ್ನ ಮದುವೆ ಫೋಟೊ ಎಲ್ಲ ವಾಪಸ್ ಬಂದಿತ್ತು.

ನಾನು, 7:53
ಸಾಫ್ಟ್‌ವೇರ್ ಕೆಟ್ಟದ್ದು ಎನ್ನುತ್ತಿಲ್ಲ. ಅದನ್ನು ಅದೇ ಡಿಸ್ಕ್‌ಗೆ ಇಳಿಸುವುದು ತಪ್ಪು. ಡಿಲೀಟ್ ಮಾಡಿದ ಕೂಡಲೇ ಫೈಲ್ ಅಳಿಯುವುದಿಲ್ಲ. ಪುಸ್ತಕದ ಪರಿವಿಡಿಯಲ್ಲಿ ಆ ಅಧ್ಯಾಯದ ಮೇಲೆ ಗೀಟು ಎಳೆದ ಹಾಗೆ ಅಷ್ಟೆ. ಪುಟಗಳು ಅಲ್ಲೇ ಇರುತ್ತವೆ. ಆದರೆ ಕಂಪ್ಯೂಟರ್ ಆ ಪುಟಗಳನ್ನು ಖಾಲಿ ಎಂದು ತಿಳಿದುಕೊಳ್ಳುತ್ತದೆ. ಹೊಸದಾಗಿ ಏನೇ ಬಂದರೂ ಅದರ ಮೇಲೆಯೇ ಬರೆಯಬಹುದು. ಹಾಡನ್ನು ಹುಡುಕಲು ಇಳಿಸಿದ ಸಾಫ್ಟ್‌ವೇರೇ ಹಾಡಿನ ಮೇಲೆ ಬಂದು ಕೂರುತ್ತದೆ. ಸುಮ್ನೆ ಆನ್ ಆಗಿದ್ದರೂ ವಿಂಡೋಸ್ ಏನಾದರೂ ಬರೆಯುತ್ತಲೇ ಇರುತ್ತದೆ. ಅದಕ್ಕೇ ಆಫ್ ಮಾಡು ಎಂದಿದ್ದು.

ತಮ್ಮ, 7:55
ಆಫ್ ಮಾಡಿದೆ ಅಕ್ಕ.

ನಾನು, 7:56
ಒಳ್ಳೆಯದು. ಈಗ ಹೇಳು. ಏನೇನು ತೆಗೆದೆ?

ತಮ್ಮ, 8:03
ಹಾಡಿನ ಫೈಲ್ 14ನ್ನೂ ಮೊದಲು ಪೆನ್‌ಡ್ರೈವ್‌ಗೆ ಹಾಕಿಕೊಂಡೆ. ಅದು ಈಗಲೂ ಇದೆ. ಪಕ್ಕದಲ್ಲಿ ಅದೇ ಹೆಸರಿನ, ಕೊನೆಗೆ "ಡೇಟಾ" ಎಂದಿರುವ ಫೋಲ್ಡರ್‌ಗಳಿದ್ದವು. ತೆರೆದು ನೋಡಿದೆ. ಒಳಗೆ ಇ00, ಅದರೊಳಗೆ ಡಿ00, ಅದರೊಳಗೆ ಅರ್ಥವಿಲ್ಲದ ಹೆಸರಿನ ನೂರಾರು ಸಣ್ಣ ಫೈಲ್. ಒಂದನ್ನು ಒತ್ತಿದರೆ ಆರು ಸೆಕೆಂಡಿಗೆ ಮುಗಿಯಿತು. ಕಸ ಅಂದುಕೊಂಡೆ. ಕಸದ ಬುಟ್ಟಿಯಲ್ಲೂ ಉಳಿಯದ ಹಾಗೆ ಶಿಫ್ಟ್ ಒತ್ತಿ ಡಿಲೀಟ್ ಮಾಡಿದೆ.

ದೊಡ್ಡಪ್ಪ, 8:10
ಇಷ್ಟು ಸಣ್ಣ ವಿಷಯಕ್ಕೆ ಹುಡುಗನನ್ನು ಗದರಿಸಬೇಡಿ. ಅಜ್ಜಿಯ ಹಾಡು ಈ ಗುಂಪಿನಲ್ಲೇ ಇದೆಯಲ್ಲ. 2019ರಲ್ಲಿ ಇವನ ಅಕ್ಕನೇ ಹಾಕಿದ್ದಳು. ನಾನು ಪ್ರತಿ ಶುಕ್ರವಾರ ಕೇಳುತ್ತೇನೆ.

ಅತ್ತೆ (ಮೈಸೂರು), 8:14
ನನಗೆ ಅದು ತೆರೆಯುವುದೇ ಇಲ್ಲ. ಹೊಸ ಮೊಬೈಲ್ ತೆಗೆದುಕೊಂಡ ಮೇಲೆ ಒತ್ತಿದರೆ, ಕಳಿಸಿದವರನ್ನು ಮತ್ತೆ ಕಳಿಸಲು ಕೇಳಿ ಎಂದು ಬರುತ್ತದೆ.

ನಾನು, 8:31
ದೊಡ್ಡಪ್ಪ, ಗದರಿಸುತ್ತಿಲ್ಲ. ತಪ್ಪು ಇವನದ್ದಲ್ಲ. ಆ ಫೋಲ್ಡರ್ ಏನು ಎಂದು ನಾನು ಯಾರಿಗೂ ಹೇಳಿರಲಿಲ್ಲ. ಈಗ ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಅಜ್ಜಿಯ ಹಾಡು ರೆಕಾರ್ಡ್ ಮಾಡಿದ ದಿನ ನಡುಮನೆಯಲ್ಲಿ ಎರಡು ಮೈಕ್ ಇಟ್ಟಿದ್ದೆ. ಒಂದು ಅಜ್ಜಿಯ ಮುಂದೆ. ಇನ್ನೊಂದು ಹಿಂದೆ ಸೊಲ್ಲು ಹಿಡಿಯುತ್ತಿದ್ದ ನಿಮ್ಮೆಲ್ಲರ ಮುಂದೆ. ರೆಕಾರ್ಡ್ ಮಾಡಿದ್ದು ಆಡಾಸಿಟಿ ಎಂಬ ಧ್ವನಿಮುದ್ರಣದ ಸಾಫ್ಟ್‌ವೇರ್‌ನಲ್ಲಿ. ಅದರ ಹಳೇ ಆವೃತ್ತಿಗಳು ಹಾಡನ್ನು ಒಂದೇ ಫೈಲಾಗಿ ಇಡುತ್ತಿರಲಿಲ್ಲ. ಸುಮಾರು ಆರು ಸೆಕೆಂಡಿನ ಚೂರು ಮಾಡಿ ಡೇಟಾ ಫೋಲ್ಡರ್‌ನಲ್ಲಿ ಇಡುತ್ತಿದ್ದವು. ಒಂದೊಂದು ಚೂರು ಒಂದು ಎಂಬಿ. ಹೊರಗೆ ಕಾಣುವ ಎಯುಪಿ ಫೈಲ್ ಇದೆಯಲ್ಲ, ಇವನು ಜೋಪಾನ ಮಾಡಿದ್ದು, ಅದರಲ್ಲಿ ಸದ್ದೇ ಇಲ್ಲ. ಯಾವ ಚೂರಿನ ಮುಂದೆ ಯಾವ ಚೂರು ಎಂಬ ಪಟ್ಟಿ ಮಾತ್ರ ಇದೆ. ಅದು ಹಾರದ ದಾರ. ಹೂವೆಲ್ಲ ಆ ಫೋಲ್ಡರ್‌ನಲ್ಲಿದ್ದವು. ಈ ಒಂದೇ ಕಾರಣಕ್ಕೆ ಎಷ್ಟೋ ಜನ ಹಾಡು ಕಳೆದುಕೊಂಡಿದ್ದಾರೆ. 2021ರ ಮಾರ್ಚ್‌ನಲ್ಲಿ ಬಂದ ಆವೃತ್ತಿ 3ರಿಂದ ಎಲ್ಲವೂ ಒಂದೇ ಫೈಲಿನಲ್ಲಿ ಕೂರುತ್ತದೆ. ನಮ್ಮದು ಅದಕ್ಕಿಂತ ಹಿಂದಿನದು.

ಇನ್ನು ಗುಂಪಿನಲ್ಲಿರುವುದು. ಅವು 14ರಲ್ಲಿ ಮೂರೇ ಹಾಡು. ಎರಡು ಮೈಕನ್ನೂ ಬೆರೆಸಿ, ಹಿಂಡಿ ಚಿಕ್ಕದು ಮಾಡಿದ ಎಂಪಿ3. ಆರತಿ ಹಾಡಿನಲ್ಲಿ ಸೊಲ್ಲು ಎದ್ದಾಗ ಅಜ್ಜಿಯ ಧ್ವನಿ ಮುಳುಗಿ ಹೋಗುತ್ತದೆ, ಅಲ್ವಾ? ಬೆರೆಸಿದ ಮೇಲೆ ಅದನ್ನು ಮೊದಲಿನ ಹಾಗೆ ಬೇರೆ ಮಾಡುವುದಕ್ಕಾಗುವುದಿಲ್ಲ. ಮೂಲದಲ್ಲಿ ಅಜ್ಜಿ ಬೇರೆಯಾಗಿಯೇ ಇದ್ದಾರೆ. ಉಸಿರು ಎಳೆಯುವುದು, ಮರೆತ ಪದಕ್ಕೆ ತಡವರಿಸಿ ಮತ್ತೆ ಹಿಡಿಯುವುದು, ಎಲ್ಲ. ಹಸೆಗೆ ಕರೆಯುವ ಹಾಡನ್ನು ಆ ಧಾಟಿಯಲ್ಲಿ ಈಗ ನಮ್ಮ ಮನೆಯಲ್ಲಿ ಯಾರು ಹಾಡುತ್ತಾರೆ ಹೇಳಿ?

ದೊಡ್ಡಮ್ಮ, 8:40
ಯಾರೂ ಇಲ್ಲ. ನನಗೆ ಅರ್ಧ ಬರುತ್ತದೆ.

ಚಿಕ್ಕಪ್ಪ (ಬೆಂಗಳೂರು), 9:05
ಇದಕ್ಕೆಲ್ಲ ಗೂಗಲ್ ಡ್ರೈವ್ ಇದೆ. 15 ಜಿಬಿ ಫ್ರೀ. ಮೊದಲೇ ಅಲ್ಲಿ ಹಾಕಿದ್ದರೆ ಈ ತಲೆನೋವೇ ಇರಲಿಲ್ಲ. ನಾನು ನನ್ನ ಇಡೀ ಫೋಲ್ಡರ್ ಸಿಂಕ್ ಮಾಡಿಟ್ಟಿದ್ದೇನೆ.

ನಾನು, 9:12
ಹಾಕಬೇಕಿತ್ತು, ಒಪ್ಪುತ್ತೇನೆ. ಆದರೆ ಸಿಂಕ್ ಎಂದರೆ ಕನ್ನಡಿ ಚಿಕ್ಕಪ್ಪ. ಇಲ್ಲಿ ಅಳಿಸಿದ್ದು ಅಲ್ಲೂ ಅಳಿಯುತ್ತದೆ. ನಿನ್ನೆ ಇವನು ಅಳಿಸಿದ್ದು ಸಿಂಕ್ ಆದ ಫೋಲ್ಡರ್ ಆಗಿದ್ದರೆ ಅಲ್ಲಿಯ ಕಸದ ಬುಟ್ಟಿಯಲ್ಲಿ 30 ದಿನ ಇರುತ್ತಿತ್ತು, ಆಮೇಲೆ ಇಲ್ಲ. ಇವನು ಹಾಡು ತೆರೆದು ನೋಡಿದ್ದು ಮರುದಿನವೇ ಆಗಿದ್ದು ನಮ್ಮ ಪುಣ್ಯ. ಮುಂದಿನ ಮದುವೆಯವರೆಗೆ ತೆರೆಯದೇ ಇದ್ದಿದ್ದರೆ?

ಇನ್ನೊಂದು. ಮೈಸ್ಪೇಸ್ ಎಂದಿತ್ತು, ನೆನಪಿದೆಯಾ? ಮನೆಯಲ್ಲಿ ಹಾಡು ಮಾಡುವವರೆಲ್ಲ ಅಲ್ಲೇ ಹಾಕುತ್ತಿದ್ದರು. 2003ರಿಂದ 2015ರವರೆಗೆ ಜನ ಏರಿಸಿದ್ದ ಹಾಡುಗಳು ಸರ್ವರ್ ಬದಲಿಸುವಾಗ ಹೋಗಿಬಿಟ್ಟವು. 2019ರಲ್ಲಿ ಅದು ಎಲ್ಲರಿಗೂ ಗೊತ್ತಾಯಿತು. ಎಷ್ಟೋ ಜನರ ಬಳಿ ಬೇರೆ ನಕಲೇ ಇರಲಿಲ್ಲ. ಆಮೇಲೆ ಸುಮಾರು 4,90,000 ಹಾಡು ಮಾತ್ರ ಇಂಟರ್ನೆಟ್ ಆರ್ಕೈವ್‌ನಲ್ಲಿ ಸಿಕ್ಕವು. ಅದೂ ಹೇಗೆ? ಯಾರೋ ಸಂಶೋಧಕರು ತಮ್ಮ ಕೆಲಸಕ್ಕೆಂದು ಮೊದಲೇ ನಕಲು ಮಾಡಿಟ್ಟುಕೊಂಡಿದ್ದರು. ಡ್ರೈವ್ ಒಂದು ಜಾಗ ಆಗಲಿ, ಅದೊಂದೇ ಜಾಗ ಆಗಬಾರದು.

ದೊಡ್ಡಪ್ಪ, 9:30
ನಾನು ಹಳೇ ಕಾಲದವನು. 1988ರಲ್ಲಿ ನನ್ನ ಮದುವೆಯಲ್ಲಿ ತುಂಬಿಸಿದ ಕ್ಯಾಸೆಟ್ ಇವತ್ತಿಗೂ ಹಾಡುತ್ತದೆ. ನಿಮ್ಮ ಕಂಪ್ಯೂಟರ್ ಹತ್ತು ವರ್ಷ ಬಾಳಲಿಲ್ಲ. ಕ್ಯಾಸೆಟ್ ಕೈಯಲ್ಲಿ ಹಿಡಿಯುವ ವಸ್ತು. ಅದನ್ನು ಕಸ ಅಂತ ಯಾರೂ ಎಸೆಯುವುದಿಲ್ಲ.

ನಾನು, 9:38
ಈ ಮಾತು ಸರಿ ದೊಡ್ಡಪ್ಪ. ಕ್ಯಾಸೆಟ್ ಮೇಲೆ ಅಜ್ಜಿಯ ಹೆಸರು ಬರೆದಿರುತ್ತದೆ, ಕಂಡ ಕೂಡಲೇ ಗೊತ್ತಾಗುತ್ತದೆ. ಅದು ಹಾಳಾದರೂ ನಿಧಾನಕ್ಕೆ ಹಾಳಾಗುತ್ತದೆ. ಮೊದಲು ಸದ್ದು ಮಂಕಾಗುತ್ತದೆ, ನಮಗೆ ಎಚ್ಚರಿಕೆ ಸಿಗುತ್ತದೆ. ಕಂಪ್ಯೂಟರ್ ಫೈಲ್ ನಿನ್ನೆ ಇತ್ತು, ಇವತ್ತು ಇಲ್ಲ. ಆದರೆ ನಿಮ್ಮ ಕ್ಯಾಸೆಟ್ ಒಂದೇ ಇದೆ. ಮಳೆಗಾಲದಲ್ಲಿ ಅಟ್ಟದ ಮೇಲಿದ್ದ ಉಳಿದ ಕ್ಯಾಸೆಟ್‌ಗಳಿಗೆ ಬೂಷ್ಟು ಹಿಡಿದು ಏನಾಯಿತು ಎಂದು ನೋಡಿದ್ದೇವೆ. ಫೈಲಿಗೆ ಇರುವ ಒಂದೇ ಬಲ ಎಂದರೆ ಹತ್ತನೇ ನಕಲೂ ಮೊದಲನೆಯದರಷ್ಟೇ ಚೆನ್ನಾಗಿರುತ್ತದೆ. ಆ ಬಲವನ್ನು ನಾವು ಬಳಸಲೇ ಇಲ್ಲ. ನಿಮ್ಮ ಆ ಕ್ಯಾಸೆಟ್ ಕೂಡ ನನಗೆ ಬೇಕು, ಕಂಪ್ಯೂಟರ್‌ಗೆ ಹಾಕಿಕೊಡುತ್ತೇನೆ.

ಅಣ್ಣ, 9:45
ಸರಿ. ಈಗ ಮುಂದೆ ಏನು? ವಾಪಸ್ ಬರುತ್ತದಾ ಇಲ್ಲವಾ, ಅದು ಹೇಳು.

ನಾನು, 9:52
ಬರುವ ಸಾಧ್ಯತೆ ಇದೆ. ಅದು ಹಳೇ ಲ್ಯಾಪ್‌ಟಾಪ್, ಒಳಗೆ ತಿರುಗುವ ಹಾರ್ಡ್ ಡಿಸ್ಕ್. ಎಸ್‌ಎಸ್‌ಡಿ, ಅಂದರೆ ತಿರುಗುವ ಭಾಗವಿಲ್ಲದ ಹೊಸ ಬಗೆಯ ಡಿಸ್ಕ್ ಆಗಿದ್ದರೆ ಕಷ್ಟ ಇತ್ತು. ಅದರಲ್ಲಿ ಟ್ರಿಮ್ ಎಂಬ ವ್ಯವಸ್ಥೆ ಇದೆ. ಅಳಿಸಿದ ಜಾಗವನ್ನು ಡಿಸ್ಕ್ ತಾನೇ ನಿಜವಾಗಿ ಖಾಲಿ ಮಾಡಿಬಿಡುತ್ತದೆ.

ತಮ್ಮಾ, ಲ್ಯಾಪ್‌ಟಾಪನ್ನು ಬಟ್ಟೆಯಲ್ಲಿ ಸುತ್ತಿ ಇವತ್ತು ರಾತ್ರಿಯ ಬಸ್ಸಿಗೆ ನೀನೇ ತೆಗೆದುಕೊಂಡು ಬಾ. ಪೆನ್‌ಡ್ರೈವ್ ಮರೆಯಬೇಡ. ದಾರ ಅದರಲ್ಲಿದೆ. ಚೂರುಗಳು ಹೆಸರು ಸಮೇತ ಸಿಕ್ಕರೆ ಆ ಪಟ್ಟಿ ಇಟ್ಟುಕೊಂಡು ಮತ್ತೆ ಪೋಣಿಸಬಹುದು. ಹೆಸರಿಲ್ಲದೆ ಸಿಕ್ಕರೆ 1,400 ಚೂರನ್ನು ಕಿವಿಯಲ್ಲಿ ಕೇಳಿ ಜೋಡಿಸಬೇಕು.

ತಮ್ಮ, 9:54
ಬರುತ್ತೇನೆ ಅಕ್ಕ.

ಬುಧವಾರ

ನಾನು, ರಾತ್ರಿ 9:20
ಎಲ್ಲರಿಗೂ. ಡಿಸ್ಕ್ ಹೊರಗೆ ತೆಗೆದು ನನ್ನ ಕಂಪ್ಯೂಟರ್‌ಗೆ ಜೋಡಿಸಿದೆ. ಮೊದಲು ಇಡೀ ಡಿಸ್ಕಿನ ಪಡಿಯಚ್ಚು ತೆಗೆದು ಬೇರೆ ಡಿಸ್ಕಿನಲ್ಲಿ ಇಟ್ಟೆ. 500 ಜಿಬಿ, ಒಂದು ರಾತ್ರಿ ಹಿಡಿಯಿತು. ಹುಡುಕಿದ್ದು ಆ ಪಡಿಯಚ್ಚಿನಲ್ಲಿ. ಮೂಲವನ್ನು ಆಮೇಲೆ ಮುಟ್ಟಿಲ್ಲ.

1,412 ಚೂರುಗಳಲ್ಲಿ 1,389 ಹೆಸರು ಸಮೇತ ಸಿಕ್ಕವು. 23 ಇಲ್ಲ. ಅವುಗಳ ಮೇಲೆ ಬೇರೆ ಏನೋ ಬರೆದಾಗಿದೆ. 11 ಹಾಡು ಪೂರ್ತಿ ಇವೆ. ಮೂರು ಹಾಡಿನಲ್ಲಿ ಅಲ್ಲಲ್ಲಿ ಮೌನ ಇದೆ. ಚೂರು ಸಿಗದ ಕಡೆ ಆಡಾಸಿಟಿ ಮೌನ ಹಾಕಿ ಮುಂದೆ ಹೋಗುತ್ತದೆ.

ಅತ್ತೆ, 9:22
ಅಯ್ಯೋ ದೇವರೇ. ಬಂತಲ್ಲ!

ಅಣ್ಣ, 9:30
ಯಾವ ಹಾಡಿನಲ್ಲಿ ಮೌನ?

ನಾನು, 9:31
ಹಸೆಗೆ ಕರೆಯುವ ಹಾಡಿನಲ್ಲಿ ಅಜ್ಜಿಯ ಮೈಕಿನದ್ದು 12 ಸೆಕೆಂಡ್ ಇಲ್ಲ. ಪೂರ್ತಿ ಒಂದು ಸಾಲು. ಈ ಹಾಡಿನ ಎಂಪಿ3 ಕೂಡ ಗುಂಪಿನಲ್ಲಿ ಇಲ್ಲ.

ಅಣ್ಣ, 9:34
ಈಗ ಎಐ ಇದೆ. ಉಳಿದ ಹಾಡಿನ ಧ್ವನಿ ಕೊಟ್ಟರೆ ಅಜ್ಜಿಯ ಹಾಗೆಯೇ ಆ ಸಾಲು ಹಾಡಿಸಿಬಿಡಬಹುದು. ಯಾರಿಗೂ ಗೊತ್ತಾಗುವುದಿಲ್ಲ.

ನಾನು, 9:36
ಗೊತ್ತಾಗುವುದಿಲ್ಲ ಎನ್ನುವುದೇ ನನಗೆ ಬೇಡ ಅಣ್ಣ. ನಾಳೆ ನಿನ್ನ ಮಗಳು ಕೇಳಿ ಕಲಿಯುತ್ತಾಳೆ. ಅಜ್ಜಿ ಹಾಡದ ಒಂದು ಎಳೆತ, ಒಂದು ತಿರುವು ಅಜ್ಜಿಯದ್ದೇ ಎಂದು ಅವಳ ಗಂಟಲಿಗೆ ಇಳಿಯುತ್ತದೆ. ಖಾಲಿ ಇರುವುದು ಖಾಲಿ ಎಂದು ಕೇಳಲಿ.

ಅಣ್ಣ, 9:41
ಮದುವೆಯಲ್ಲಿ ಹಾಕಿದಾಗ ನಡುವೆ ನಿಂತುಹೋದರೆ ಚೆನ್ನಾಗಿರುತ್ತಾ? ಹಾಡು ಇರುವುದು ಬೀಗ ಹಾಕಿ ಇಡುವುದಕ್ಕಾ, ಹಾಡುವುದಕ್ಕಾ?

ದೊಡ್ಡಮ್ಮ, 9:44
ಜಗಳ ಬೇಡ. ಆ ಹಾಡಿನಲ್ಲಿ ಅಜ್ಜಿ ಒಂದು ಸಾಲು ಹೇಳಿದರೆ ಹಿಂದೆ ನಾವು ಅದೇ ಸಾಲು ಹೇಳುತ್ತೇವೆ. ನಮ್ಮ ಮೈಕಿನಲ್ಲಿ ಆ ಸಾಲು ಇರಬೇಕಲ್ಲ?

ನಾನು, 9:45
ನಿಲ್ಲಿ. ನೋಡುತ್ತೇನೆ.

ನಾನು, 10:17
ದೊಡ್ಡಮ್ಮ, ನೀವು ಹೇಳಿದ್ದು ನಿಜ. ನಿಮ್ಮ ಮೈಕಿನ ಚೂರು ಆ ಜಾಗದಲ್ಲಿ ಪೂರ್ತಿ ಇದೆ. ನೀವು ಹಿಂದೆ ಹೇಳಿದ ಸಾಲು ಸಿಕ್ಕಿತು. ಅಷ್ಟೇ ಅಲ್ಲ. ಒಂದೇ ಕೋಣೆ ಅಲ್ವಾ, ಅಜ್ಜಿ ಆ ಸಾಲು ಹೇಳುವಾಗ ಅವರ ಧ್ವನಿ ನಿಮ್ಮ ಮೈಕಿಗೂ ಬಿದ್ದಿದೆ. ದೂರದಿಂದ, ಸಣ್ಣಗೆ. ಸದ್ದು ಜಾಸ್ತಿ ಮಾಡಿದರೆ ಪದ ಸ್ಪಷ್ಟ. ಅದನ್ನೇ ಕತ್ತರಿಸಿ ಕೆಳಗೆ ಹಾಕುತ್ತಿದ್ದೇನೆ. ಡಾಕ್ಯುಮೆಂಟ್ ಆಗಿ ಕಳಿಸುತ್ತೇನೆ, ಹೆಡ್‌ಫೋನ್ ಹಾಕಿ ಕೇಳಿ.

[ಡಾಕ್ಯುಮೆಂಟ್: ಹಸೆ_ಹಾಡು_ಎರಡನೇ_ಮೈಕ್.ವೇವ್]

ಅಣ್ಣ, 10:24
ಕೇಳಿದೆ. ಇದನ್ನೇ ಹಾಕು. ಎಐ ಮಾತು ಬಿಟ್ಟೆ.

ನಾನು, 10:33
ಈಗ ಇಡುವ ವಿಚಾರ. ಪ್ರತಿ ಹಾಡಿಗೂ ಎರಡು ವೇವ್ ಫೈಲ್, ಅಂದರೆ ಹಿಂಡದ ಧ್ವನಿ ಫೈಲ್ ತೆಗೆಯುತ್ತಿದ್ದೇನೆ, ಅಜ್ಜಿಯದ್ದು ಒಂದು, ಸೊಲ್ಲಿನದ್ದು ಒಂದು. ಆಡಾಸಿಟಿಯ ಪ್ರಾಜೆಕ್ಟ್ ಫೈಲ್ ಬೇರೆ ಇರುತ್ತದೆ, ಆದರೆ ಅದನ್ನು ನಂಬಿ ಕೂರುವುದಿಲ್ಲ. ಸಾಫ್ಟ್‌ವೇರ್ ಬದಲಾಗುತ್ತದೆ, ವೇವ್ ಎಲ್ಲಿ ಬೇಕಾದರೂ ತೆರೆಯುತ್ತದೆ. ಫೈಲಿನ ಹೆಸರು ಕನ್ನಡದಲ್ಲಿ, ಯಾರು ನೋಡಿದರೂ ಅಜ್ಜಿಯ ಹಾಡು ಎಂದು ತಿಳಿಯುವ ಹಾಗೆ. ಎಲ್ಲ ಸೇರಿ ಸುಮಾರು ಒಂದೂವರೆ ಜಿಬಿ. ಒಂದು ಡಿಸ್ಕ್ ಶಿರಸಿಯಲ್ಲಿ, ಒಂದು ನನ್ನ ಹತ್ತಿರ, ಒಂದು ಮೈಸೂರಿನಲ್ಲಿ. ಚಿಕ್ಕಪ್ಪ, ನಿಮ್ಮ ಡ್ರೈವ್‌ನಲ್ಲಿ ಸಿಂಕ್ ಇಲ್ಲದೆ ಒಂದು. ದೀಪಾವಳಿಗೆ ಮೂರೂ ಮನೆಯಲ್ಲಿ ಡಿಸ್ಕ್ ಜೋಡಿಸಿ ಒಂದು ಹಾಡು ಪೂರ್ತಿ ಕೇಳಬೇಕು. ಫೈಲ್ ಇದೆ ಎಂದು ಹೆಸರು ನೋಡಿ ಬಿಡಬೇಡಿ. ಮೊನ್ನೆ ಎಯುಪಿ ಫೈಲೂ ಇತ್ತು.

ಚಿಕ್ಕಪ್ಪ, 10:36
ಆಯಿತು. ನಾಳೆಯೇ ಹಾಕಿಕೊಡು.

ಅತ್ತೆ, 10:38
ನನ್ನದನ್ನು ದೇವರ ಕಪಾಟಿನಲ್ಲಿ ಇಡುತ್ತೇನೆ. ತೆರೆಯುವುದು ಹೇಗೆ ಎಂದು ಬರೆದುಕೊಡು.

ತಮ್ಮ, 10:40
ಶಿರಸಿಯದ್ದು ನಾನು ನೋಡಿಕೊಳ್ಳುತ್ತೇನೆ ಅಕ್ಕ. ಯಾರು, ಯಾವ ಹಾಡು, ಯಾವ ಶಾಸ್ತ್ರಕ್ಕೆ ಎಂದು ದೊಡ್ಡಮ್ಮನನ್ನು ಕೇಳಿ ಬರೆದು ಜೊತೆಗೆ ಹಾಕುತ್ತೇನೆ.

ದೊಡ್ಡಮ್ಮ, 11:02
ಮೂರು ಸಲ ಕೇಳಿದೆ. ಸಾಲಿನ ಕೊನೆಯಲ್ಲಿ ಅಜ್ಜಿಯ ಬಳೆ ಸದ್ದೂ ಇದೆ.