ರೊಡ್ಡಿ ಎಂದರೆ ಬೈಗುಳವೇ?

ಪ್ರಶ್ನೆ (ಹುಬ್ಬಳ್ಳಿ): ಮೊನ್ನೆ ದುರ್ಗದ ಬೈಲಿನಲ್ಲಿ ಗಿರಮಿಟ್ ತಿನ್ನುತ್ತಿದ್ದೆವು. ಐದು ವರ್ಷದ ಮಗಳು ಎಡಗೈಯಲ್ಲಿ ಚಮಚ ಹಿಡಿದದ್ದನ್ನು ಕಂಡ ಅಜ್ಜಿಯೊಬ್ಬರು ‘ರೊಡ್ಡಿ ಇದ್ದಾಳಲ್ಲ!’ ಎಂದು ನಕ್ಕರು. ಮಗಳು ಅರ್ಥ ಕೇಳಿದಳು, ನಾನು ತಡವರಿಸಿದೆ. ಇದು ಬೈಗುಳವೇ? ‘ಸವ್ಯಸಾಚಿ’ ಎಂದು ಹೇಳಿಕೊಡಲೇ?

ಉತ್ತರ (ಗದಗ): ನಾನೂ ರೊಡ್ಡನೇ, ಅರವತ್ತೆರಡು ವರ್ಷದಿಂದ. ರೊಡ್ಡ ಎಂದರೆ ಎಡಚ, ಅಷ್ಟೇ. ಬೈಗುಳವಾಗುವುದು ಹೇಳುವವರ ದನಿಯಲ್ಲಿ. ಶಾಲೆಯಲ್ಲಿ ಗುರುಗಳು ಎಡಗೈ ಬೆರಳುಗಳ ಮೇಲೆ ಹೊಡೆದು ಬಲಗೈಗೆ ಬಳಪ ಕೊಡುತ್ತಿದ್ದರು. ಇಂದಿಗೂ ಬರೆಯುವುದು ಬಲಗೈಯಲ್ಲಿ, ಕಲ್ಲು ಎಸೆಯುವುದು ಎಡಗೈಯಲ್ಲಿ. ಹೊಲದಲ್ಲಿ ಇನ್ನೊಂದು ಫಜೀತಿ: ಕುಡುಗೋಲಿನ ಹಲ್ಲುಗಳು ಬಲಗೈಯವರಿಗೆ ತಕ್ಕಂತೆ ಇರುತ್ತವೆ. ಕಮ್ಮಾರನಿಗೆ ಹೇಳಿ ಬೇರೆಯೇ ಮಾಡಿಸಿಕೊಂಡಿದ್ದೆ. ಅದನ್ನು ಯಾರೂ ಎರವಲು ಕೇಳುತ್ತಿರಲಿಲ್ಲ, ಅದೊಂದು ಲಾಭ.

‘ಸವ್ಯಸಾಚಿ’ ಬೇಡ. ಸಂಸ್ಕೃತದಲ್ಲಿ ಸವ್ಯ ಎಂದರೆ ಎಡ ಎಂಬುದು ನಿಜ, ಆದರೆ ಅರ್ಜುನನಿಗೆ ಆ ಹೆಸರು ಬಂದದ್ದು ಎರಡೂ ಕೈಗಳಿಂದ ಬಾಣ ಬಿಡುತ್ತಿದ್ದುದರಿಂದ.

ಉತ್ತರ (ಹಾವೇರಿ): ಪತ್ರಿಕೆಗಳು ‘ಎಡಗೈ ಸ್ಪಿನ್ನರ್’ ಎಂದೇ ಬರೆಯುತ್ತವೆ, ‘ಎಡಚ ಸ್ಪಿನ್ನರ್’ ಎಂದಲ್ಲ. ನಿಮ್ಮ ಗದಗದ ಸುನಿಲ್ ಜೋಶಿ 1999ರಲ್ಲಿ ನೈರೋಬಿಯಲ್ಲಿ ದಕ್ಷಿಣ ಆಫ್ರಿಕಾದ ವಿರುದ್ಧ 10 ಓವರ್‌ಗಳಲ್ಲಿ 6 ರನ್ ಕೊಟ್ಟು 5 ವಿಕೆಟ್ ಕಿತ್ತದ್ದು ಆ ಕೈಯಿಂದಲೇ. ಮಗಳಿಗೆ ಇದನ್ನು ಹೇಳಿ.

ಪ್ರಶ್ನೆ ಕೇಳಿದವರು: ಹೇಳಿದೆ. ಅವಳಿಗೆ ಕ್ರಿಕೆಟ್ ಬೇಡವಂತೆ, ಆ ಕುಡುಗೋಲು ಬೇಕಂತೆ.